ಎಣ್ಣೆ ಡಬ್ಬದಲ್ಲಿ ಆಫ್ರಿಕಾ ಸುತ್ತಿದ ಚೆನ್ನಕ್ಕ

ಸಿಟ್ಟು ಬಂದಾಗ ನನ್ನ ಬಾಯಿ ಮೊದಲು ಹೊರಡುತ್ತದೆ, ಬುದ್ಧಿ ಹಿಂದಿನ ಬಸ್ಸಿಗೆ ಬರುತ್ತದೆ. ಇದು ಆಲಂಕಾರಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ಮುಚ್ಚಿಟ್ಟು ಪ್ರಯೋಜನವಿಲ್ಲ. ನಾನು ಬರೆಯಲು ಕೂತದ್ದು ಚೆನ್ನಕ್ಕನ ಬಗ್ಗೆ. ಆದರೆ ಅವರ ಕಥೆ ಹೇಳಬೇಕಾದರೆ ನಾನು ಅವರನ್ನು ಬೈದ ದಿನದಿಂದಲೇ ಶುರು ಮಾಡಬೇಕು.

ಕಡಬ ತಾಲೂಕಿನ ಆಲಂಕಾರಿನಲ್ಲಿ ನನ್ನದೊಂದು ಹಾಳೆ ತಟ್ಟೆಯ ಘಟಕ ಇದೆ. ಅಡಿಕೆ ಮರದಿಂದ ಬಿದ್ದ ಹಾಳೆಯನ್ನು ನೆನೆಸಿ, ಉಜ್ಜಿ ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ, ಬಟ್ಟಲು ತಯಾರು. ಹದಿನಾಲ್ಕು ಮಂದಿ ಹೆಂಗಸರು ಕೆಲಸಕ್ಕಿದ್ದಾರೆ. ಮೊದಲು ಊರಿನ ಮದುವೆ, ಗೃಹಪ್ರವೇಶಗಳಿಗೆ ಕೊಡುತ್ತಿದ್ದೆವು. ಈಗ ಮೂರು ವರ್ಷದಿಂದ ಮಂಗಳೂರಿನಲ್ಲಿ ಹಡಗು ಹತ್ತಿಸಿ ಜರ್ಮನಿಗೆ ಕಳಿಸುತ್ತೇವೆ. ಅಲ್ಲಿನವರು ಪ್ಲಾಸ್ಟಿಕ್ ಬಿಟ್ಟು ನಮ್ಮ ಹಾಳೆಯಲ್ಲಿ ಉಣ್ಣುತ್ತಾರೆ ಎಂದು ಮೊದಲ ಸಲ ಕೇಳಿದಾಗ ನಮ್ಮ ಹೆಂಗಸರು ನಕ್ಕು ನಕ್ಕು ಸುಸ್ತಾಗಿದ್ದರು. ಅಷ್ಟು ದೂರ ಹೋಗುವ ಮಾಲನ್ನು ಒಣಗಿಸಿ ಕಟ್ಟುವ ಜವಾಬ್ದಾರಿ ಪೂರ್ತಿ ಚೆನ್ನಕ್ಕನದು.

ಚೆನ್ನಕ್ಕನಿಗೆ ಐವತ್ತಾರು ವರ್ಷ. ಏಳನೇ ಕ್ಲಾಸಿನವರೆಗೆ ಓದಿದವರು. ನಮ್ಮಲ್ಲಿಗೆ ಬರುವ ಮೊದಲು ಮನೆ ಮನೆಗೆ ಹೋಗಿ ಹಲಸಿನ ಹಪ್ಪಳ ಮಾಡಿಕೊಡುತ್ತಿದ್ದರು. ಅವರು ಕಟ್ಟಿಟ್ಟ ಹಪ್ಪಳ ಆಟಿ ತಿಂಗಳ ಜಡಿ ಮಳೆಯಲ್ಲೂ ಮೆತ್ತಗಾಗುವುದಿಲ್ಲ ಎಂದು ಪುತ್ತೂರಿನವರೆಗೂ ಹೆಸರಿತ್ತು. ತಟ್ಟೆ ಒಣಗಿದೆಯೋ ಇಲ್ಲವೋ ಎಂದು ನೋಡಲು ನಾನೊಂದು ಮೀಟರ್ ತಂದುಕೊಟ್ಟಿದ್ದೆ. ಅವರು ತಟ್ಟೆಯನ್ನು ಕೆನ್ನೆಗೆ ತಾಗಿಸಿ ಹೇಳಿದ್ದನ್ನೇ ಮೀಟರು ಆಮೇಲೆ ಹೇಳುತ್ತಿತ್ತು. ಕಡೆಗೆ ಮೀಟರು ಕಪಾಟಿಗೆ ಹೋಯಿತು.

ಎರಡು ಸಾವಿರದ ಇಪ್ಪತ್ತಮೂರರ ಡಿಸೆಂಬರ್ ಕೊನೆಗೆ ಒಂದು ಕಂಟೇನರ್ ಮಾಲು ಹೋಯಿತು. ಫೆಬ್ರವರಿಯ ಕೊನೆಗೆ ಜರ್ಮನಿಯಿಂದ ಫೋಟೊಗಳು ಬಂದವು. ಪೆಟ್ಟಿಗೆ ಪೆಟ್ಟಿಗೆ ಬೂಸ್ಟು. ತಟ್ಟೆಗಳ ಮೇಲೆ ಹಸುರು, ಬೂದಿ ಬಣ್ಣದ ಮಚ್ಚೆಗಳು. ಕೆಳಗೆ ಎರಡು ಸಾಲು: ಇನ್ನೊಂದೇ ಅವಕಾಶ, ಮುಂದಿನ ಕಂಟೇನರೂ ಹೀಗೆ ಬಂದರೆ ನಮಗೂ ನಿಮಗೂ ಇಲ್ಲಿಗೆ ಮುಗಿಯಿತು. ನಮ್ಮ ಮುಕ್ಕಾಲು ಕೆಲಸ ಅವರದ್ದೇ. ಅದು ಹೋದರೆ ಘಟಕದ ಬಾಗಿಲು ಹಾಕುವುದೇ.

ನಾನು ಫೋನು ಹಿಡಿದುಕೊಂಡು ಶೆಡ್ಡಿಗೆ ನುಗ್ಗಿದೆ. ಅಚ್ಚಿನ ಯಂತ್ರಗಳ ಎದುರು ಹದಿನಾಲ್ಕೂ ಮಂದಿ ಇದ್ದರು.

"ಎಂತ ಒಣಗಿಸಿದ್ದು ನೀವು?" ಎಂದು ಚೆನ್ನಕ್ಕನ ಮುಖದ ಎದುರು ಫೋನು ಹಿಡಿದೆ. "ಕೆನ್ನೆಗೆ ಹಿಡಿದು ನೋಡುದಂತೆ. ಇದನ್ನು ನೋಡಿ ಈಗ. ಹದಿನಾಲ್ಕು ಮನೆಯ ಅನ್ನಕ್ಕೆ ಕಲ್ಲು ಹಾಕಿದ್ರಿ."

ಅವರು ಫೋನು ತೆಗೆದುಕೊಂಡು ಒಂದೊಂದೇ ಫೋಟೊ ನೋಡಿದರು. ಆಮೇಲೆ ಫೋನು ವಾಪಸು ಕೊಟ್ಟು, "ಹಸಿ ತಟ್ಟೆ ನನ್ನ ಕೈಯಿಂದ ಹೋಗಲಿಲ್ಲ ಲತೀಶಣ್ಣ" ಎಂದರು.

"ಮತ್ತೆ ಬೂಸ್ಟು ಆಕಾಶದಿಂದ ಬಂತಾ?"

ಪಂಕಜಾಕ್ಷಿ ಎನ್ನುವವಳು ಯಂತ್ರ ಬಂದ್ ಮಾಡಿದಳು. ಚೆನ್ನಕ್ಕ ಸೆರಗಿಗೆ ಕೈ ಒರೆಸಿಕೊಂಡು ಒಂದು ಪ್ರಶ್ನೆ ಕೇಳಿದರು. ಆ ಹೊತ್ತಿಗೆ ಅಂಥ ಪ್ರಶ್ನೆ ಕೇಳಬಹುದು ಎಂದು ನನ್ನ ತಲೆಗೆ ಸುಳಿದೇ ಇರಲಿಲ್ಲ.

"ಹಡಗು ಯಾವ ದಾರಿಯಲ್ಲಿ ಹೋಯ್ತು?"

"ನೀರಿನ ಮೇಲೆ ಹೋಯ್ತು. ಮತ್ತೆಂತ ಪುತ್ತೂರಿನ ಮೇಲೆ ಹೋಗುದಾ?" ಎಂದೆ. ಆದರೂ ಫೋನಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ, ಹಡಗು ಕಳಿಸುವ ಏಜೆಂಟನ ಪತ್ರ ಹುಡುಕಿದೆ. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಯಾಗುತ್ತಿದೆ, ಹಾಗಾಗಿ ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿಯ ಕೇಪ್ ಸುತ್ತಿ ಹೋಗುತ್ತದೆ, ನಲವತ್ತೆರಡು ದಿನ ಬೇಕು ಎಂದು ಬರೆದಿತ್ತು. ಓದಿ ಹೇಳಿದೆ. "ಇದನ್ನೆಲ್ಲ ಅವರು ನಮಗೆ ಮೊದಲೇ ಹೇಳ್ಬೇಕಿತ್ತು" ಎಂದೂ ಸೇರಿಸಿದೆ. ಚೆನ್ನಕ್ಕ ನನ್ನ ಪಕ್ಕದಲ್ಲೇ ನಿಂತು ಫೋನನ್ನೇ ನೋಡುತ್ತಿದ್ದರು.

"ನನಗೆ ಸ್ವಲ್ಪ ದಿನ ಕೊಡಿ. ಎಂತ ಆದದ್ದು ಅಂತ ನೋಡ್ತೇನೆ" ಎಂದರು. "ನನ್ನ ತಪ್ಪಾದರೆ ನಾನೇ ಹೇಳ್ತೇನೆ. ಅಲ್ಲದಿದ್ದರೆ ನೀವು ಹೇಳ್ಬೇಕು. ಇದೇ ಜಾಗದಲ್ಲಿ, ಇವರೆಲ್ಲರ ಎದುರು."

"ಆಗಲಿ" ಎಂದೆ. ಬೂಸ್ಟಿನ ಕಾರಣ ಕಂಡುಹಿಡಿಯಲು ಇವರು ಹಡಗಿನ ಹಿಂದೆ ಹೋಗುತ್ತಾರೆ ಎಂದು ನನಗೇನು ಗೊತ್ತಿತ್ತು.

ಮರುದಿನ ಅವರು ಕೆಲಸಕ್ಕೆ ಬರಲಿಲ್ಲ. ಹೋದದ್ದು ಪುತ್ತೂರಿನ ಹತ್ತಿರದ ಕಬಕಕ್ಕೆ, ಕಾಸಿಂ ಅವರ ಮನೆಗೆ. ನಾವೆಲ್ಲ ಅವರನ್ನು ಕಾಸಿಮಾಕ ಎನ್ನುತ್ತೇವೆ. ಇಪ್ಪತ್ತೆರಡು ವರ್ಷ ಸರಕು ಹಡಗುಗಳಲ್ಲಿ ಅಡುಗೆಯವರಾಗಿದ್ದು ಈಗ ಮನೆಯಲ್ಲಿದ್ದಾರೆ. ಅವರ ಹೆಂಡತಿ ರುಖಿಯಮ್ಮ ವರ್ಷಾ ವರ್ಷ ಚೆನ್ನಕ್ಕನಿಂದಲೇ ಹಪ್ಪಳ ತರಿಸಿ ದುಬೈಯಲ್ಲಿರುವ ಮಗಳಿಗೆ ಕಳಿಸುವವರು. ಆ ಬಳಕೆಯ ಮೇಲೆ ಹೋದದ್ದು. ಅಲ್ಲಿ ನಡೆದದ್ದನ್ನು ಆಮೇಲೆ ಕಾಸಿಮಾಕನೇ ನನಗೆ ಹೇಳಿದರು, ಒಂದಲ್ಲ, ಮೂರು ಸಲ.

ಕಾಸಿಮಾಕ ಊಟದ ಮೇಜಿನ ಮೇಲೆ ಕೈ ಹರಡಿ ಕಡಲು ತೋರಿಸಿದ್ದರಂತೆ. "ನೋಡಿ ಚೆನ್ನಕ್ಕ, ನಮ್ಮ ಈ ಕಡಲಿಗೆ ಮೂರು ಬದಿ ಗೋಡೆ. ಈಚೆ ಆಫ್ರಿಕಾ, ಆಚೆ ಇಂಡೋನೇಷ್ಯಾ, ಆಸ್ಟ್ರೇಲಿಯಾ, ತಲೆಯ ಮೇಲೆ ನಾವು. ಕೆಳಗೆ ಪೂರ್ತಿ ಬಯಲು, ಹಿಮದವರೆಗೆ. ಮೇಲೆ ಹೋಗಿ ಬರುದಕ್ಕೆ ಸಣ್ಣ ಸಣ್ಣ ಬಾಗಿಲು ಮಾತ್ರ. ಹೊರ್ಮುಜ್ ಅಂತ ಒಂದು, ನಿಮ್ಮ ಮನೆಯ ಗ್ಯಾಸು, ಲತೀಶನ ಬೈಕಿನ ಪೆಟ್ರೋಲು ಎಲ್ಲ ಹೆಚ್ಚು ಅಲ್ಲಿಂದಲೇ ಬರುದು. ಮಲಾಕ್ಕಾ ಅಂತ ಇನ್ನೊಂದು, ಚೀನಾದ ದಾರಿ. ಮತ್ತೆ ಕೆಂಪು ಸಮುದ್ರದ ಬಾಗಿಲು, ಯುರೋಪಿಗೆ ಹತ್ತಿರದ ದಾರಿ. ಈಗ ಗಲಾಟೆ ಇರುದು ಅಲ್ಲಿ. ಒಂದು ಬಾಗಿಲಿನಲ್ಲಿ ಗಲಾಟೆಯಾದರೆ ಸುಳ್ಯದ ರಬ್ಬರಿಗೂ ಬಿಸಿ ತಾಗ್ತದೆ, ನಿಮ್ಮ ತಟ್ಟೆಗೂ ತಾಗ್ತದೆ."

ಅದನ್ನೆಲ್ಲ ಕೇಳಿಸಿಕೊಂಡ ಚೆನ್ನಕ್ಕ, "ಅದು ಸರಿ. ಆ ದಾರಿಯಲ್ಲಿ ಸೆಕೆ ಎಲ್ಲಿ, ಚಳಿ ಎಲ್ಲಿ?" ಎಂದು ಕೇಳಿದರಂತೆ.

ಇಪ್ಪತ್ತೆರಡು ವರ್ಷದ ನೌಕರಿಯ ಬಗ್ಗೆ ಕಾಸಿಮಾಕನನ್ನು ತುಂಬ ಜನ ಕೇಳಿದ್ದಾರೆ. ಸಂಬಳ ಎಷ್ಟು, ಬಿರುಗಾಳಿ ಬಂತಾ, ತಿಮಿಂಗಿಲ ಕಂಡಿತಾ ಎಂದು. ಇದನ್ನು ಯಾರೂ ಕೇಳಿರಲಿಲ್ಲ. ಅವರು ಅಡುಗೆಯವರ ಹಾಗೆಯೇ ಉತ್ತರ ಕೊಟ್ಟರು.

"ಹಡಗಿನಲ್ಲಿ ನನಗೆ ದಿನಾ ಬ್ರೆಡ್ಡಿನ ಹಿಟ್ಟು ಕಲಸ್ಲಿಕ್ಕಿತ್ತು. ಮಂಗಳೂರು, ಕೊಲಂಬೊ, ಅಲ್ಲಿಂದ ಕೆಳಗೆ ಭೂಮಧ್ಯರೇಖೆ ದಾಟುವವರೆಗೆ ಹಿಟ್ಟು ಎರಡು ಗಂಟೆಯಲ್ಲಿ ಪಾತ್ರೆಯಿಂದ ಹೊರಗೆ ಬರ್ತದೆ. ಆಫ್ರಿಕಾದ ತುದಿಗೆ ಹೋದಾಗ ಹೊದಿಕೆ ಹೊದೆಸಿ ಇಟ್ಟರೂ ಉಬ್ಬುದಿಲ್ಲ. ಆ ಬದಿಗೆ ತಿರುಗಿ ಮೇಲೆ ಬಂದರೆ ಮತ್ತೆ ಸೆಕೆ, ಮತ್ತೆ ಉಬ್ಬುತ್ತದೆ. ಯುರೋಪು ಮುಟ್ಟಿದಾಗ ಚಳಿಗಾಲ ಆದರೆ ಹಿಟ್ಟು ಕಲ್ಲು."

"ಸೂಯೆಜ್ ದಾರಿಯಲ್ಲಿ?"

"ಅದು ಮೇಲಿಂದ ಮೇಲೆಯೇ ಹೋಗುದಲ್ವಾ, ಇಷ್ಟು ಗುದ್ದಾಟ ಇಲ್ಲ. ಒಮ್ಮೆ ಸೆಕೆ, ಕಡೆಗೆ ಚಳಿ. ಈ ದಾರಿಯಲ್ಲಿ ಎರಡು ಸಲ ಸೆಕೆ, ಎರಡು ಸಲ ಚಳಿ."

ಎಷ್ಟೆಷ್ಟು ದಿನ ಎಂದು ಚೆನ್ನಕ್ಕ ಕೇಳಿದರು. ಕಾಸಿಮಾಕ ಹೇಳಿದರು. ಕೊಲಂಬೊದಲ್ಲಿ ಕಾಯುವುದೂ ಸೇರಿ ಹತ್ತೊಂಬತ್ತು ದಿನ ಸೆಕೆ, ಐದು ದಿನ ತಂಪು, ಮತ್ತೆ ಹತ್ತು ದಿನ ಸೆಕೆ, ಕಡೆಗೆ ಎಂಟು ದಿನ ಚಳಿ. ರುಖಿಯಮ್ಮನ ಕ್ಯಾಲೆಂಡರಿನ ಹಿಂದುಗಡೆ ಬರೆದುಕೊಂಡು, ಚಹಾ ಕುಡಿದು ಚೆನ್ನಕ್ಕ ಬಸ್ಸು ಹತ್ತಿದರು.

ಆಮೇಲೆ ಅವರು ಮಾಡಿದ ಕೆಲಸ ನೆನೆಸಿದರೆ ಇವತ್ತಿಗೂ ನನ್ನ ಮೈ ಜುಮ್ಮೆನ್ನುತ್ತದೆ. ಯಾವ ಕಾಲೇಜಿನಲ್ಲಿ ಓದಿದವನಿಗೆ ಇದು ಹೊಳೆಯುತ್ತಿತ್ತು ಹೇಳಿ. ಹದಿನೈದು ಲೀಟರಿನ ಎರಡು ಖಾಲಿ ತಾಳೆ ಎಣ್ಣೆ ಡಬ್ಬ ತಂದರು. ಕಂಟೇನರೂ ತಗಡು, ಡಬ್ಬವೂ ತಗಡು. ಎರಡಕ್ಕೂ ಒಂದೇ ದಿನ ಒಣಗಿಸಿದ ಸಣ್ಣ ಬಟ್ಟಲುಗಳನ್ನು ತುಂಬಿದರು. ಒಂದು ಡಬ್ಬದ್ದನ್ನು ನಾವು ಯಾವಾಗಲೂ ಮಾಡುವ ಹಾಗೆ ಬಿಸಿಲಿನಿಂದ ತೆಗೆದು, ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ್ದು. ಇನ್ನೊಂದರದ್ದನ್ನು ಸಂಜೆಯವರೆಗೆ ನೆರಳಿನಲ್ಲಿ ಹರಡಿ, ಪೂರ್ತಿ ತಣಿದ ಮೇಲೆ ಕಾಗದದಲ್ಲಿ ಸುತ್ತಿದ್ದು. ಅದರ ಜೊತೆಗೆ ತೇವ ಹೀರಲಿ ಎಂದು ಬಟ್ಟೆ ಚೀಲದಲ್ಲಿ ತೆಂಗಿನ ಗೆರಟೆ ಸುಟ್ಟ ಕರಿ. ಎರಡರಲ್ಲೂ ಹಳೇ ಹಪ್ಪಳ ಒಂದೊಂದು ಇಟ್ಟು, ಮುಚ್ಚಿ ಟೇಪು ಸುತ್ತಿದರು.

"ಹಪ್ಪಳ ಯಾಕೆ?" ಎಂದೆ.

"ಅದು ಸುಳ್ಳು ಹೇಳುದಿಲ್ಲ" ಎಂದರು. "ಒಣಗಿದ್ದರೆ ಟಕ್ ಅಂತ ಮುರೀತದೆ. ತೇವ ತಾಗಿದ್ದರೆ ಬಗ್ಗುತ್ತದೆ."

ಹತ್ತೊಂಬತ್ತು ದಿನ ಡಬ್ಬಗಳು ನಮ್ಮ ಶೆಡ್ಡಿನ ತಗಡಿನ ಮಾಡಿನ ಅಡಿಯಲ್ಲಿ, ಮಾರ್ಚಿನ ಸೆಕೆಯಲ್ಲಿ ಬೆಂದವು. ಇಪ್ಪತ್ತನೇ ದಿನ ಬೆಳಿಗ್ಗೆ ಚೆನ್ನಕ್ಕ ಎರಡನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಉಪ್ಪಿನಂಗಡಿ ಬಸ್ಸಿಗೆ ಹೊರಟರು. ಅಲ್ಲಿ ಮೀನು ವ್ಯಾಪಾರದ ಸಫೀರ್ ಇದ್ದಾನೆ. ಅವನಿಗೆ ಐಸು ತುಂಬಿದ ಕೋಣೆ ಉಂಟು. ಡಬ್ಬಗಳನ್ನು ಐದು ದಿನ ಅದರಲ್ಲಿ ಇಡಬೇಕು ಎಂದಾಗ ಅವನಿಗೆ ತಲೆಬುಡ ಗೊತ್ತಾಗಲಿಲ್ಲ.

"ಒಳಗೆ ಎಂತ ಉಂಟು ಚೆನ್ನಕ್ಕ?"

"ತಟ್ಟೆ. ಈಗ ಆಫ್ರಿಕಾದ ತುದಿಗೆ ಮುಟ್ಟಿದೆ. ಐದು ದಿನ ಚಳಿ ಬೇಕು."

ಸಫೀರ್ ಅವರ ಮುಖ ನೋಡಿದ, ಡಬ್ಬ ನೋಡಿದ. ಬಂಗುಡೆ ಪೆಟ್ಟಿಗೆಗಳನ್ನು ಸರಿಸಿ ಜಾಗ ಮಾಡಿಕೊಟ್ಟ. ಆಮೇಲೆ ಅವನಿಗೂ ಹುಚ್ಚು ಹಿಡಿಯಿತು. ನಾಲ್ಕನೇ ದಿನ ನನಗೆ ಫೋನು ಮಾಡಿ, "ಮಾರಾಯ್ರೆ, ನಿಮ್ಮ ಹಡಗು ಕೇಪಿನಿಂದ ನಾಳೆ ಹೊರಡುದಾ, ನಾಡಿದ್ದಾ? ನನಗೆ ಬೂತಾಯಿ ಮೀನಿನ ಲೋಡು ಬರ್ಲಿಕ್ಕುಂಟು" ಎಂದ. ಬಸ್ಸಿನ ಕಂಡಕ್ಟರ್ ಕೂಡ, ವಾಪಸು ಬರುವಾಗ ಡಬ್ಬಗಳಿಗೆ ಲಗೇಜು ಟಿಕೆಟ್ ಕೊಡದೆ, "ಇಷ್ಟು ದೂರದಿಂದ ಬಂದದ್ದಲ್ವಾ, ಇರಲಿ" ಎಂದನಂತೆ. ಊರಿಗೆ ಊರೇ ನಗಾಡಿತು. ನಾನೂ ನಕ್ಕೆ. ಚೆನ್ನಕ್ಕ ಮಾತ್ರ ನಗಲಿಲ್ಲ. ಅವರ ಕೈಯಿಂದ ಒಂದು ಹಪ್ಪಳವೂ ಕೆಟ್ಟು ಹೋದದ್ದಿಲ್ಲ ಎನ್ನುವ ಹೆಸರು ಆ ಡಬ್ಬಗಳ ಒಳಗೆ ಕೂತಿತ್ತು.

ಮತ್ತೆ ಹತ್ತು ದಿನ ತಗಡಿನ ಅಡಿ, ಮತ್ತೆ ಎಂಟು ದಿನ ಸಫೀರನ ಐಸು. "ಇಪ್ಪತ್ತು ದಿನ ಸಾಲದಾ? ಮುಂದಿನ ಕಂಟೇನರಿಗೆ ಹೊತ್ತಾಯ್ತು" ಎಂದು ನಾನು ಎರಡು ಸಲ ಹಾರಾಡಿದೆ.

"ಹಡಗಿಗೆ ನಲವತ್ತೆರಡು ಆದರೆ ನನಗೂ ನಲವತ್ತೆರಡು" ಎಂದರು. ಅವರ ಹತ್ತಿರ ಹಟದಲ್ಲಿ ಗೆದ್ದವರಿಲ್ಲ.

ಏಪ್ರಿಲ್ ಮಧ್ಯದಲ್ಲಿ ಒಂದು ಬೆಳಿಗ್ಗೆ, ಅದೇ ಶೆಡ್ಡಿನಲ್ಲಿ, ಯಂತ್ರ ನಿಲ್ಲಿಸಿ ಎಲ್ಲರೂ ಸುತ್ತ ನಿಂತೆವು. ಚೆನ್ನಕ್ಕ ಮೊದಲು ಕಾಗದ ಸುತ್ತಿದ ಡಬ್ಬ ತೆರೆದರು. ಬಟ್ಟಲುಗಳು ಹೊಸದರ ಹಾಗೆ ಇದ್ದವು. ಹಪ್ಪಳ ತೆಗೆದು ಮುರಿದರು. ಟಕ್ ಎಂದ ಸದ್ದು ಹಿಂದೆ ನಿಂತವರಿಗೂ ಕೇಳಿಸಿತು. ಪಂಕಜಾಕ್ಷಿ ಚಪ್ಪಾಳೆ ತಟ್ಟಲು ಹೊರಟಳು, ಚೆನ್ನಕ್ಕ ಕೈ ಅಡ್ಡ ಹಿಡಿದರು.

ಎರಡನೇ ಡಬ್ಬದ ಮುಚ್ಚಳ ತೆಗೆಯುವಾಗಲೇ ಮುಗ್ಗುಲು ವಾಸನೆ ಹೊಡೆಯಿತು. ಪ್ಲಾಸ್ಟಿಕ್ಕಿನ ಒಳಗೆ ಬೆವರು ಸಾಲುಗಟ್ಟಿತ್ತು. ಬಟ್ಟಲುಗಳ ಮೇಲೆ ಫೋಟೊದಲ್ಲಿ ಕಂಡ ಅದೇ ಹಸುರು ಮಚ್ಚೆ. ಹಪ್ಪಳ ಮುರಿಯಲೇ ಇಲ್ಲ, ಒದ್ದೆ ರಟ್ಟಿನಂತೆ ಬಗ್ಗಿತು.

ಚೆನ್ನಕ್ಕ ಅದನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. ಆಮೇಲೆ ಎಲ್ಲರ ಕಡೆಗೆ ತಿರುಗಿ ಹೇಳಿದರು.

"ಒಣಗಿಸಿದ್ದು ಸರಿ ಇತ್ತು. ಕಟ್ಟಿದ್ದು ತಪ್ಪು. ಬಿಸಿ ಆರುವ ಮೊದಲು ಕಟ್ಟಿ ಅಂತ ನಿಮಗೆಲ್ಲ ಹೇಳಿಕೊಟ್ಟದ್ದು ನಾನು. ಲತೀಶಣ್ಣ ಬೈದದ್ದು ಬೇರೆ ಕಾರಣಕ್ಕೆ, ಆದರೂ ತಪ್ಪು ನನ್ನದೇ."

ಆ ತಪ್ಪನ್ನು ನಮ್ಮ ಊರಿನವರು ಮಾತ್ರ ಮಾಡಲು ಸಾಧ್ಯ. ಇಲ್ಲಿ ಹಪ್ಪಳ, ಸಂಡಿಗೆ, ಅಕ್ಕಿ, ಮೆಣಸು ಎಲ್ಲವನ್ನೂ ಬಿಸಿಲಿನಿಂದ ತೆಗೆದ ಬಿಸಿಯಲ್ಲೇ ಡಬ್ಬಕ್ಕೆ ತುಂಬಿ ಮುಚ್ಚುತ್ತಾರೆ. ಆರಲು ಬಿಟ್ಟರೆ ನಮ್ಮ ಗಾಳಿಯ ತೇವ ಒಳಗೆ ಹೋಗುತ್ತದೆ ಎಂದು ಎಲ್ಲರ ಅಮ್ಮಂದಿರೂ ಹೇಳಿಕೊಟ್ಟದ್ದು. ನಮ್ಮ ಅಡುಗೆಮನೆಯಲ್ಲಿ ಅದು ಸರಿಯೇ, ಇಲ್ಲಿ ಚಳಿ ಎನ್ನುವುದೇ ಇಲ್ಲವಲ್ಲ. ಒಳಗೆ ಉಳಿದ ಬಿಸಿ ಆವಿ ಎಲ್ಲಿ ಬೆವರಬೇಕು. ಸೂಯೆಜ್ ದಾರಿಯಲ್ಲಿ ಹೋದ ಮಾಲೂ ಹೇಗೋ ಪಾರಾಗಿತ್ತು. ಆದರೆ ಈ ಸಲ ಸಾಗರದಲ್ಲಿ ಸೆಕೆಯಿಂದ ಚಳಿಗೆ, ಚಳಿಯಿಂದ ಸೆಕೆಗೆ ಹೋದಾಗ ಆ ಆವಿಯೇ ನೀರಾಯಿತು. ತಾನು ನಲವತ್ತು ವರ್ಷ ಮಾಡಿಕೊಂಡು ಬಂದ ಪದ್ಧತಿಯನ್ನು, ತನ್ನ ಹೆಸರು ನಿಂತದ್ದೇ ಯಾವುದರ ಮೇಲೋ ಅದನ್ನು, ಚೆನ್ನಕ್ಕ ತಾನೇ ಪರೀಕ್ಷೆಗೆ ಇಟ್ಟು ತಾನೇ ತಪ್ಪು ಎಂದು ಹೇಳಿದರು. ಹಾಗೆ ಹೇಳಲು ಎದೆ ಗಟ್ಟಿ ಬೇಕು.

ನಾನು ಹೇಳಬೇಕಾದ ಮಾತೂ ಒಂದಿತ್ತು. ಅದನ್ನು ಆ ದಿನ ನಾನು ಹೇಳಲಿಲ್ಲ. ಬಾಯಿ ಇಷ್ಟು ಓಡುವವನಿಗೆ ಆ ಒಂದು ಮಾತು ಬರಲಿಲ್ಲ.

ಏಪ್ರಿಲ್ ಕೊನೆಗೆ ಮುಂದಿನ ಕಂಟೇನರ್ ಹೊರಟಿತು. ತಣಿಸಿ, ಕಾಗದ ಸುತ್ತಿ, ಕಂಟೇನರಿನ ಒಳಗೆ ತೇವ ಹೀರುವ ಚೀಲಗಳನ್ನು ನೇತು ಹಾಕಿ ಕಳಿಸಿದೆವು. ಕಾಸಿಮಾಕ ಫೋನಿನಲ್ಲಿ ಹೆದರಿಸಿದರು, "ಈ ಸಲ ಆಫ್ರಿಕಾದ ತುದಿಯಲ್ಲಿ ಚಳಿಗಾಲ ಶುರು. ಮೊದಲಿಗಿಂತ ಚಳಿ ಜಾಸ್ತಿ ಉಂಟು" ಎಂದು. ಚೆನ್ನಕ್ಕ ಒಂದು ಪೆಟ್ಟಿಗೆಯಲ್ಲಿ ತಟ್ಟೆಗಳ ಮೇಲೆ ಒಂದು ಹಪ್ಪಳ ಇಟ್ಟು ಮುಚ್ಚಿದರು. ನಾನು ನೋಡಿಯೂ ನೋಡದವನ ಹಾಗೆ ಇದ್ದೆ. ಆಮೇಲೆ ಹೆದರಿಕೆಯಾಗಿ, ಜರ್ಮನಿಯವರಿಗೆ ಅದನ್ನು ಏನು ಮಾಡಬೇಕು ಎಂದು ಎರಡು ಸಾಲು ಬರೆದು ಕಳಿಸಿದೆ.

ನಲವತ್ತೆರಡು ದಿನವೂ ಶೆಡ್ಡಿನಲ್ಲಿ ಬೆಳಿಗ್ಗೆ ಒಂದೇ ಮಾತು. ಈಗ ಎಲ್ಲಿ ಮುಟ್ಟಿತು? ಯಾರ ಮನೆಯ ಗೋಡೆಯಿಂದಲೋ ಒಂದು ಶಾಲೆಯ ಭೂಪಟ ಬಂದು ಯಂತ್ರದ ಮೇಲೆ ಅಂಟಿಕೊಂಡಿತು. ಹಾಳೆ ಉಜ್ಜುವ ಹೆಂಗಸರು ಕೊಲಂಬೊ, ಮಾರಿಷಸ್, ಡರ್ಬನ್ ಎಂದು ಗಂಡನ ಮನೆಯ ನೆಂಟರ ಊರುಗಳಂತೆ ಹೇಳತೊಡಗಿದರು. ಇಷ್ಟು ವರ್ಷ ನಾನು ಮಾಲು ಮಾರಿದ್ದು ಒಂದು ಬ್ಯಾಂಕಿನ ರಸೀದಿಗೆ, ಮಧ್ಯೆ ಅಷ್ಟು ದೊಡ್ಡ ನೀರು ಇದೆ ಎನ್ನುವುದೇ ನನ್ನ ತಲೆಯಲ್ಲಿರಲಿಲ್ಲ. ಚೆನ್ನಕ್ಕನಿಂದಾಗಿ ನಾನೂ ದಿನಾ ಬೆಳಿಗ್ಗೆ ಭೂಪಟ ನೋಡುವವನಾದೆ.

ಜೂನ್ ಕೊನೆಗೆ, ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ ಫೋಟೊ ಬಂತು. ಗೋದಾಮಿನಲ್ಲಿ ಒಬ್ಬಳು ಹೆಂಗಸು, ಒಂದೊಂದು ಕೈಯಲ್ಲಿ ಹಪ್ಪಳದ ಒಂದೊಂದು ತುಂಡು ಹಿಡಿದು ನಗುತ್ತಿದ್ದಾಳೆ. ಹಿಂದೆ ತೆರೆದ ಪೆಟ್ಟಿಗೆಗಳು, ಒಂದೂ ಮಚ್ಚೆ ಇಲ್ಲದ ತಟ್ಟೆಗಳು. ಕೆಳಗೆ, ಮುಂದಿನ ಆರು ತಿಂಗಳ ಮಾಲಿಗೆ ಬೇಡಿಕೆ.

ಶೆಡ್ಡಿಗೆ ಹೋದೆ. ಯಂತ್ರ ನಿಲ್ಲಿಸಲು ಹೇಳಿದೆ. ಫೋನು ಚೆನ್ನಕ್ಕನ ಕೈಗೆ ಕೊಟ್ಟೆ. ಅವರು ತಟ್ಟೆ ನೋಡಲಿಲ್ಲ, ಫೋಟೊ ದೊಡ್ಡದು ಮಾಡಿ ಹಪ್ಪಳ ಮುರಿದ ಅಂಚನ್ನು ನೋಡಿದರು. "ಸರಿ ಮುರಿದಿದೆ" ಎಂದು ಕಣ್ಣು ಒರೆಸಿಕೊಂಡರು.

"ಒಂದು ಮಾತು ಹೇಳ್ಲಿಕ್ಕುಂಟು" ಎಂದೆ. ಮಳೆಯ ಸದ್ದಿನಲ್ಲಿ ಜೋರಾಗಿಯೇ ಹೇಳಬೇಕಾಯಿತು. "ಹಡಗು ಕೇಪ್ ಸುತ್ತಿ ಹೋಗ್ತದೆ, ತೇವದ ಬಗ್ಗೆ ಜಾಗ್ರತೆ ಮಾಡಿ, ತೇವ ಹೀರುವ ಚೀಲ ಹಾಕಿ ಅಂತ ಏಜೆಂಟ್ ಮೊದಲೇ ಬರೆದಿದ್ದ. ಕಂಟೇನರ್ ಹೊರಡುವ ನಾಲ್ಕು ದಿನ ಮೊದಲು. ನಾನು ಓದಲಿಲ್ಲ. ನಿಮ್ಮನ್ನು ಬೈದಾಗ ಅದು ನನ್ನ ಕೈಯಲ್ಲೇ ಇತ್ತು, ಅವರು ಹೇಳಲಿಲ್ಲ ಅಂತ ಸುಳ್ಳು ಹೇಳಿದೆ. ತಪ್ಪು ನನ್ನದು ಚೆನ್ನಕ್ಕ."

ಹದಿಮೂರು ಮಂದಿ ನನ್ನನ್ನೇ ನೋಡುತ್ತಿದ್ದರು. ಚೆನ್ನಕ್ಕ ಫೋನು ವಾಪಸು ಕೊಟ್ಟರು.

"ಗೊತ್ತುಂಟು ಲತೀಶಣ್ಣ. ಅವತ್ತು ನಿಮ್ಮ ಪಕ್ಕದಲ್ಲೇ ನಿಂತಿದ್ದೆ ಅಲ್ವಾ. ತಾರೀಕು ಮೇಲೆಯೇ ಬರೆದಿತ್ತು."

"ಮತ್ತೆ ನಾಲ್ಕು ತಿಂಗಳು ಯಾಕೆ ಹೇಳಲಿಲ್ಲ ನೀವು?"

"ನೀವು ಹೇಳ್ಬೇಕಾದ್ದು ಅದು" ಎಂದರು. "ನನ್ನದನ್ನು ನಾನು ಹೇಳಿದೆ."

ಅಷ್ಟು ಹೇಳಿ, ಅಂಗಳದಲ್ಲಿ ಹಾಳೆ ನೆನೆಯುತ್ತಿದ್ದ ತೊಟ್ಟಿಗೆ ಮಾಡಿನ ನೀರು ಬೀಳುತ್ತಿದೆ ಎಂದು ಪಂಕಜಾಕ್ಷಿಯನ್ನು ಗದರಿಸುತ್ತ ಹೊರಗೆ ನಡೆದರು. ನಾನು ಕೊಡೆ ಹಿಡಿದುಕೊಂಡು ಅವರ ಹಿಂದೆ ಹೋದೆ.